ಬಲಗಡೆಯ ಗೋಡೆ

"ಇನ್ನೂ ಅದರ ಮೇಲೇ ನಿಲ್ಲಿಸಿದೀರಾ ಪಂಪನ್ನ?"

ಮೇಸ್ತ್ರಿ ಗುಂಡಿಯಿಂದ ತಲೆ ಎತ್ತಲಿಲ್ಲ. ಎದೆಮಟ್ಟದ ಮಣ್ಣಿನ ನಡುವೆ ನಿಂತು ಒಡೆದ ನೀರಿನ ಕೊಳವೆಗೆ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದ. ದಂಡೆಯ ಮೇಲೆ ಪಂಪು ಒಂದೇ ಸಮನೆ ಗುಟುರು ಹಾಕುತ್ತ ಕೆಸರುನೀರನ್ನು ಚರಂಡಿಗೆ ಕಾರುತ್ತಿತ್ತು. ಅದರ ಕಾಲಡಿಯಲ್ಲಿ ಕೆಂಪು ಬಿಳಿ ಪಟ್ಟೆಯ ಹಲಗೆಯೊಂದು ಅರ್ಧ ಹೂತುಕೊಂಡು ಮಲಗಿತ್ತು.

"ನಿಮ್ಮನ್ನೇ ಕೇಳಿದ್ದು!"

"ಏನ್ ಮಾಡ್ಲಿ ಮೇಡಂ? ಹಲಗೆ ಎಳೆದ್ರೆ ಪಂಪು ನನ್ನ ತಲೆ ಮೇಲೆ ಕೂರುತ್ತೆ. ಆಮೇಲೆ ನನ್ನ ಹೆಂಡ್ತಿ ಬಂದು ನಿಮ್ಮ ತಲೆ ಮೇಲೆ ಕೂರ್ತಾಳೆ. ಅವಳು ಪಂಪಿಗಿಂತ ಭಾರ."

ಮೇಲೆ ಮಣ್ಣು ಸರಿಸುತ್ತಿದ್ದ ಇಬ್ಬರು ನಕ್ಕರು. ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಈಗ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದಳು, ಮತ್ತೆ ಹಾಕಿದಳು, ಉಗ್ರಾಣಕ್ಕೆ ಇನ್ನೊಮ್ಮೆ ಫೋನ್ ಮಾಡಿದಳು. ಹೊಸ ಹಲಗೆಗಳು ಹೊರಟಿವೆ ಅಂದರು. ಬೆಳಗಿನಿಂದ ಅವು ಹೊರಡುತ್ತಲೇ ಇದ್ದವು.

ಅವಳು ನೀರಿನ ಕಂಪನಿಯ ಉಸ್ತುವಾರಿ. ಕೊಳವೆಗಾಗಿ ರಸ್ತೆ ಅಗೆದಲ್ಲೆಲ್ಲ ಮೊದಲು ಬರುವವಳು, ಕೊನೆಗೆ ಹೋಗುವವಳು. ಗುಂಡಿ ತೋಡುವುದಕ್ಕೆ ಎಷ್ಟು ನಿಯಮವೋ ತೋಡಿದ್ದನ್ನು ಕಾಯುವುದಕ್ಕೆ ಅದರ ಎರಡರಷ್ಟು. ಸೊಂಟದೆತ್ತರಕ್ಕೆ ಅಡ್ಡಪಟ್ಟಿ, ಮುಂದೆ ಎಚ್ಚರಿಕೆಯ ಫಲಕ, ಕತ್ತಲಾದರೆ ದೀಪ. ಇವೆಲ್ಲ ಕಣ್ಣಿದ್ದವರಿಗೆ. ಕಣ್ಣಿಲ್ಲದವರಿಗೆ ಅಡಿಹಲಗೆ. ಗುಂಡಿಯ ಸುತ್ತ ನೆಲಕ್ಕೆ ತಾಗಿಕೊಂಡು ಅದನ್ನು ನಿಲ್ಲಿಸಬೇಕು. ಕೋಲಿನ ತುದಿ ಟಕ್ಕೆಂದು ಅದಕ್ಕೆ ಬಡಿಯಬೇಕು. ಮನುಷ್ಯ ಅಲ್ಲೇ ನಿಲ್ಲಬೇಕು. ಹೊಸ ಕೆಲಸಗಾರರು ಬಂದಾಗ ಅವರ ಕಣ್ಣಿಗೆ ಬಟ್ಟೆ ಕಟ್ಟಿ, ಕೈಗೊಂದು ಕೋಲು ಕೊಟ್ಟು, ಹಲಗೆ ಇಟ್ಟು ಒಮ್ಮೆ, ತೆಗೆದು ಒಮ್ಮೆ ನಡೆಸಿ ಕಲಿಸುತ್ತಿದ್ದವಳು ಅವಳೇ.

ನಿನ್ನೆ ಮಧ್ಯಾಹ್ನ ಅವಳ ಭಾವ ಇದೇ ಗುಂಡಿಗೆ ಬಿದ್ದಿದ್ದರು.

ಭಾವ ಅಂದರೆ ಅಕ್ಕನ ಗಂಡ. ಹುಟ್ಟಿನಿಂದಲೇ ಕಣ್ಣಿಲ್ಲ. ಕುರ್ಚಿಗಳಿಗೆ ಬೆತ್ತದ ಆಸನ ಹೆಣೆಯುವುದು ಅವರ ಕೆಲಸ. ಇದೇ ಬೀದಿಯ ನಡುವಿನ ಮನೆ, ಮನೆಯ ಮುಂಗೋಣೆಯೇ ಅಂಗಡಿ. ಅಕ್ಕನ ಮದುವೆಯಾದಾಗ ಅವಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಬರುತ್ತಿದ್ದ ನಾದಿನಿಗೆ ಗಡಿಬಿಡಿ ಎಂದು ಹೆಸರಿಟ್ಟವರು ಭಾವ. ಹೆಸರು ಉಳಿಯಿತು, ಗಡಿಬಿಡಿಯೂ ಉಳಿಯಿತು.

ನಿನ್ನೆ ಬೆಳಗ್ಗೆ ಕೆಲಸ ಶುರುಮಾಡುವ ಮುನ್ನ ಅವಳು ಆ ಮನೆಯ ಕಿಟಕಿಯಲ್ಲಿ ತಲೆ ತೂರಿಸಿದ್ದಳು.

"ಭಾವಾ, ಇವತ್ತು ಹುಷಾರು. ಎಡಗಡೆ ಅಗೀತಿದೀವಿ, ದರ್ಜಿ ಅಂಗಡಿ ಮುಂದೆ. ಆ ಕಡೆ ಹೋಗ್ಲೇಬೇಡಿ. ಬಲಗಡೆ ಗೋಡೆ ಹಿಡ್ಕೊಂಡು ಹೋಗಿ."

"ಅಪ್ಪಣೆ. ಎಡಗಡೆ ಗುಂಡಿ, ಬಲಗಡೆ ಗೋಡೆ. ಸಂಜೆವರೆಗೂ ಇದೇ ಜಪ."

ಭಾವ ಯಾವತ್ತೂ ಎಡಗಡೆಯಲ್ಲೇ ನಡೆಯುವವರು. ಆ ಬದಿಯ ಪ್ರತಿ ಹೊಸ್ತಿಲು, ಚರಂಡಿಯ ಅಲುಗಾಡುವ ಕಲ್ಲು, ಇಸ್ತ್ರಿ ಅಂಗಡಿಯ ಬಿಸಿ ಗಾಳಿ ಅವರ ಮೈಗೆ ಗೊತ್ತು. ಬಲಗಡೆಯ ಬದಿ ಅವರಿಗೆ ಹೆಚ್ಚುಕಡಿಮೆ ಪರದೇಶ. ಆದರೆ ಚಿಕ್ಕಂದಿನಿಂದ ಪದ್ಯಗಳನ್ನು ಕೇಳಿ ಕೇಳಿಯೇ ಕಲಿತ ಮನುಷ್ಯ. ಕಿವಿಗೆ ಬಿದ್ದದ್ದನ್ನು ಅವರು ಕೆಳಗೆ ಬೀಳಿಸಿದವರಲ್ಲ.

ಹೊತ್ತು ಏರುವಷ್ಟರಲ್ಲಿ ಎಡಗಡೆಯ ಗುಂಡಿಯಲ್ಲಿ ನೀರಿನ ಕೊಳವೆಗೆ ಬದಲು ಟೆಲಿಫೋನಿನ ಕೇಬಲ್ಲುಗಳು ಸಿಕ್ಕವು. ಹಳೆಯ ನಕ್ಷೆ ಸುಳ್ಳು ಹೇಳಿತ್ತು. ಅದನ್ನು ಮುಚ್ಚಿ ಬೀದಿಯ ಬಲಗಡೆ ತೋಡಿದರು. ಕೊಳವೆ ಸಿಕ್ಕಿತು, ನೀರು ಚಿಮ್ಮಿತು, ಪಂಪು ತರಿಸಿದರು, ಪಂಪು ಕೆಸರಿನಲ್ಲಿ ಕುಸಿಯತೊಡಗಿತು. "ಮೇಡಂ, ಈ ಹಲಗೇನ ಕೆಳಗೆ ಕೊಡಲಾ?" ಎಂದು ಮೇಸ್ತ್ರಿ ಕೇಳಿದಾಗ ಅವಳ ಕಿವಿಯಲ್ಲಿ ಫೋನಿತ್ತು, ಇಡೀ ಬಡಾವಣೆಗೆ ನೀರು ನಿಂತಿದೆ ಎಂದು ಆ ಕಡೆಯಿಂದ ಯಾರೋ ಬೊಬ್ಬೆ ಹಾಕುತ್ತಿದ್ದರು.

"ಕೊಡಿ, ಕೊಡಿ. ಸದ್ಯಕ್ಕೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಬಿಡಿ. ಈ ಬೀದೀಲಿ ಕಣ್ಣಿಲ್ಲದವರು ನಮ್ಮ ಭಾವ ಒಬ್ಬರೇ. ಅವರಿಗೆ ಹೇಳಿದೀನಿ."

ಹೇಳಿದ್ದು ಎಡಗಡೆ ಎಂದು. ಅದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ. ಹೇಳಿದ್ದೇನೆ ಎಂಬುದಷ್ಟೇ ನೆನಪಿತ್ತು.

ಬೀದಿಯ ತುದಿಯ ಔಷಧಿ ಅಂಗಡಿಗೆ ಕೊಡಬೇಕಾಗಿದ್ದ ಕುರ್ಚಿಯನ್ನು ಹೆಗಲಿಗೆ ತೂಗುಹಾಕಿಕೊಂಡು ಭಾವ ಹೊರಟರು. ನಾದಿನಿಯ ಮಾತಿನಂತೆ ಬೀದಿ ದಾಟಿ ಬಲಗಡೆಯ ಗೋಡೆ ಹಿಡಿದರು. ನೋಡಿದವರು ಕೂಗಿದರು, ಪಂಪಿನ ಸದ್ದಿನಲ್ಲಿ ಕೂಗು ಮುಳುಗಿತು. ಕೋಲು ಪಟ್ಟಿಯ ಕೆಳಗೆ ನುಸುಳಿ ಹೋಯಿತು. ಅದಕ್ಕೆ ನೆಲ ಸಿಗಲಿಲ್ಲ ಎಂದು ಕೈಗೆ ತಿಳಿಯುವಷ್ಟರಲ್ಲಿ ಕಾಲು ಮುಂದೆ ಹೋಗಿಯಾಗಿತ್ತು.

"ಮೇಡಂ," ಮೇಸ್ತ್ರಿ ಈಗ ಗುಂಡಿಯ ಅಂಚಿಗೆ ಮೊಣಕೈ ಊರಿ, ದನಿ ತಗ್ಗಿಸಿ ಕರೆದ. "ಯಾರು ಬಂದು ಕೇಳಿದ್ರೂ ಹಲಗೆ ವಿಷಯ ನಾನು ಬಾಯಿ ಬಿಡಲ್ಲ. ನಾನೇ ಮರೆತೆ ಅಂತೀನಿ. ನನಗೇನು, ಬೈಸಿಕೊಂಡು ಅಭ್ಯಾಸ."

"ನಾನು ಕೇಳಿದ್ನಾ ನಿಮ್ಮನ್ನ?"

"ಕೇಳ್ಲಿಲ್ಲ."

"ಮತ್ತೆ?"

"ಸುಮ್ನೆ ಹೇಳ್ದೆ," ಅಂದು ಅವನು ಮತ್ತೆ ಕೆಳಗಿಳಿದ. ಆ ಒಳ್ಳೆಯತನ ಅವಳನ್ನು ಚುಚ್ಚಿತು. ಒಂದು ಬೈಗುಳ ಸಿಕ್ಕಿದ್ದರೆ ನಿಲ್ಲುವುದಕ್ಕೆ ಜಾಗ ಸಿಗುತ್ತಿತ್ತೇನೋ. ಬೀದಿಯ ಆ ತುದಿಗೆ ಹೋದಳು, ಈ ತುದಿಗೆ ಬಂದಳು. ಫಲಕವನ್ನು ಒಂದಿಷ್ಟು ಆಚೆ ಸರಿಸಿದಳು, ನೋಡಿ ಮತ್ತೆ ಈಚೆ ಸರಿಸಿದಳು. ಇಸ್ತ್ರಿ ಅಂಗಡಿಯವಳು ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಏನಮ್ಮಾ, ಬಾವಿ ತೋಡ್ತಿದೀರೋ ರಸ್ತೆ ರಿಪೇರಿ ಮಾಡ್ತಿದೀರೋ? ನಿನ್ನೆ ಪಾಪ ಆ ದೇವರಂಥ ಮನುಷ್ಯ ಬಿದ್ದ. ನಾಳೆ ನಾನು ಬಿದ್ರೆ ಎತ್ತೋಕೆ ಕ್ರೇನೇ ಬೇಕು, ಈಗಲೇ ಹೇಳಿರ್ತೀನಿ."

"ಇವತ್ತು ಮುಗಿಯುತ್ತಮ್ಮಾ."

"ನಿನ್ನೇನೂ ಇದನ್ನೇ ಅಂದ್ರಿ."

ಊಟದ ಹೊತ್ತು ಕಳೆದ ಮೇಲೆ ಕಂಪನಿಯ ವಕೀಲರು ಬಂದರು. ತೆಳ್ಳಗಿನ ಮನುಷ್ಯ, ಮಾತಿಗೆ ಮುಂಚೆ ಕರವಸ್ತ್ರದಿಂದ ಕನ್ನಡಕ ಒರೆಸುವ ಅಭ್ಯಾಸ. ಗುಂಡಿಯನ್ನೂ ಪಟ್ಟಿಯನ್ನೂ ಪಂಪನ್ನೂ ನೋಡಿದರು. ಪಂಪಿನ ಕೆಳಗೆ ಏನಿದೆ ಎಂದು ಬಗ್ಗಿ ನೋಡಲಿಲ್ಲ. ಕಂಪನಿಯ ರಿವಾಜಿನಂತೆ ಪೆಟ್ಟಾದವರ ಮನೆಗೇ ಹೋಗಿ ಹೇಳಿಕೆ ಬರೆದುಕೊಳ್ಳಬೇಕಿತ್ತು. ಅಕ್ಕನ ಮನೆಯ ಕಡೆ ನಡೆಯುತ್ತ ಅವರೇ ಮಾತು ತೆಗೆದರು.

"ನಿಮ್ಮ ಭಾವನೇ ಅಂತೆ. ಕೇಳಿ ಬೇಜಾರಾಯ್ತಮ್ಮ."

"ಹೂಂ ಸರ್."

"ಕಾನೂನು ಬಹಳ ಸರಳ. ರಸ್ತೆ ಅಗೆದವರು ಯಾರೋ ಹೊಣೆ ಅವರದ್ದೇ. ಗುತ್ತಿಗೆದಾರ ಅಗೆದ, ಕೂಲಿಯವನು ಅಗೆದ ಅನ್ನೋ ಹಾಗಿಲ್ಲ. ಬೇಲಿ ಹಾಕೋದು, ಕಾಯೋದು, ಮುಚ್ಚೋದು, ಮುಚ್ಚಿದ್ದು ಮತ್ತೆ ಕುಸಿದ್ರೆ ಮತ್ತೆ ಮುಚ್ಚೋದು, ಎಲ್ಲಾ ನಮ್ಮ ತಲೆಗೇ. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಾಗೆ."

ಅವಳು ನಗಲಿಲ್ಲ. ವಕೀಲರು ಕನ್ನಡಕ ಒರೆಸಿದರು.

"ಆದ್ರೆ ಒಂದು ಕಿಂಡಿ ಇರುತ್ತೆ. ಅಪಾಯ ಗೊತ್ತಿದ್ದೂ ಬಂದ್ರು ಅಂತಾದ್ರೆ ಅರ್ಧಕ್ಕರ್ಧ ಹೊಣೆ ಅವರ ಮೇಲೆ ಹೋಗುತ್ತೆ. ಅರ್ಧ ಹೋದ್ರೆ ಮಿಕ್ಕ ಅರ್ಧದ ಬಗ್ಗೆ ಮೇಲಿನವರು ತಲೆ ಕೆಡಿಸಿಕೊಳ್ಳಲ್ಲ. ಯಾರ ಕೆಲಸಕ್ಕೂ ಕುತ್ತು ಬರಲ್ಲ. ಮೊದಲೇ ಯಾರಾದ್ರೂ ಅವರಿಗೆ ಹೇಳಿದ್ರಾ?"

ಆ ಪ್ರಶ್ನೆ ಬರುವುದಕ್ಕೂ ಮನೆಯ ಬಾಗಿಲು ಬರುವುದಕ್ಕೂ ಸರಿಹೋಯಿತು. "ಬನ್ನಿ ಸರ್," ಅಂದು ಅವಳು ಬಾಗಿಲು ತಳ್ಳಿದಳು.

ಮುಂಗೋಣೆಯಲ್ಲಿ ನೆನೆಸಿದ ಬೆತ್ತದ ವಾಸನೆ. ಗೋಡೆಗೆ ಒರಗಿಸಿದ ಕುರ್ಚಿಗಳಿಗೆ ಆಸನವಿರಲಿಲ್ಲ. ಬರೀ ಚೌಕಟ್ಟುಗಳು ಬಾಯಿ ತೆರೆದುಕೊಂಡು ಸರದಿಗೆ ಕಾಯುತ್ತಿದ್ದವು. ಭಾವ ಕಿಟಕಿಯ ಪಕ್ಕ ಕೂತಿದ್ದರು. ಬಲಗೈಗೆ ಬೆರಳ ತುದಿಯಿಂದ ಮೊಣಕೈವರೆಗೆ ಬಿಳಿ ಪಟ್ಟಿ. ತೊಡೆಯ ಮೇಲೆ ಅರ್ಧ ಹೆಣೆದ ಆಸನವನ್ನು ಇಟ್ಟುಕೊಂಡು ಎಡಗೈಯಿಂದ ಒಂದು ಎಳೆಯನ್ನು ತೂರಿಸಲು ನೋಡುತ್ತಿದ್ದರು. ಎಳೆ ತೂರಿತು, ಎಳೆದು ಬಿಗಿಯುವಷ್ಟರಲ್ಲಿ ಜಾರಿತು. ಬಾಯಲ್ಲಿ ಯಾವುದೋ ಪದ್ಯ ಮೆಲ್ಲಗೆ ಸಾಗಿತ್ತು. ಅವರು ಹೆಣೆಯುವುದೇ ಹಾಗೆ. ಪದ್ಯದ ಒಂದೊಂದು ಗಣಕ್ಕೆ ಒಂದೊಂದು ಎಳೆ.

"ಗಡಿಬಿಡಿ ಬಂದ್ಲು. ಜೊತೇಲಿ ಯಾರೋ ದೊಡ್ಡವರು. ಬೂಟು ಹೊಸದು, ಇನ್ನೂ ಕಚ್ತಾ ಇದೆ."

ವಕೀಲರು ಗಲಿಬಿಲಿಗೊಂಡು ತಮ್ಮ ಬೂಟಿನತ್ತ ನೋಡಿದರು. "ಕಚ್ತಾ ಇದೆ, ನಿಜ. ಹೇಗಿದೀರಿ?"

"ನನಗಿಂತ ಕುರ್ಚಿ ಚೆನ್ನಾಗಿದೆ ಸ್ವಾಮಿ. ನಾನು ಒಳಗೆ ಬಿದ್ದೆ, ಅದು ಮೇಲೇ ನಿಂತಿತ್ತಂತೆ. ಯಾರಾದ್ರೂ ಕೂತ್ಕೊಂಡು ನನ್ನ ನೋಡ್ಬಹುದಿತ್ತು." ಆಮೇಲೆ ತೊಡೆಯ ಮೇಲಿನ ಆಸನವನ್ನು ತಟ್ಟಿದರು. "ಇದೊಂದು ಕಷ್ಟ. ಪದ್ಯ ಮುಂದೆ ಓಡುತ್ತೆ, ಕೈ ಹಿಂದೇನೇ ಉಳಿಯುತ್ತೆ."

ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಚಹಾ ತರುತ್ತೇನೆಂದು ಅಡುಗೆಮನೆಗೆ ಹೋದಳು. ಅಕ್ಕ ಆಗಲೇ ಒಲೆಯ ಮುಂದಿದ್ದಳು. ರಾತ್ರಿಯ ನಿದ್ದೆಗೆಟ್ಟ ಕಣ್ಣು, ಬೆನ್ನ ಮೇಲೆ ಬಿಚ್ಚಿದ ಕೂದಲು.

"ಡಾಕ್ಟರು ಇನ್ನೊಂದು ಸಲ ಕರೆದಿದಾರೆ. ಮಣಿಕಟ್ಟಿನ ಎಲುಬು ಚೂರಾಗಿದೆಯಂತೆ. ಆಪರೇಷನ್ ಮಾಡಿದ್ರೂ ಬೆರಳು ಮೊದಲಿನ ಹಾಗೆ ಬಿಗಿಯುತ್ತೆ ಅಂತ ಹೇಳಕ್ಕಾಗಲ್ಲ ಅಂದ್ರು." ಅಕ್ಕ ಲೋಟಗಳನ್ನು ಜೋಡಿಸಿದಳು, ಮತ್ತೆ ಬೇರೆ ರೀತಿ ಜೋಡಿಸಿದಳು. "ನಿನ್ನ ಕಂಪನಿಯವರು ನೋಡ್ಕೋತಾರೆ ತಾನೇ?"

"ನೋಡ್ಕೋಬೇಕು."

"ನಿನ್ನ ಕೆಲಸಕ್ಕೆ ಏನೂ ಆಗಲ್ಲ ತಾನೇ?"

"ಅದೆಲ್ಲ ಈಗ್ಯಾಕೆ ಅಕ್ಕಾ."

"ಯಾಕೆ ಅಂದ್ರೆ? ನಿನ್ನೊಬ್ಬಳ ಸಂಬಳ ಅಲ್ವೇನೇ ಈಗ ಈ ಮನೆಗೆ ದಿಕ್ಕು?" ಅಕ್ಕ ಒಲೆಯ ಉರಿ ತಗ್ಗಿಸಿದಳು. ಆಮೇಲೆ, ರಾತ್ರಿಯೆಲ್ಲ ಅದನ್ನೇ ಅಗಿದಿದ್ದವಳಂತೆ, ಶುರುಮಾಡಿದಳು. "ನನಗೆ ಒಂದೇ ಅರ್ಥವಾಗ್ತಿಲ್ಲ ಕಣೇ. ಇವರು ಬಲಗಡೆ ಯಾಕೆ ಹೋದ್ರು? ಮದುವೆಯಾದಾಗಿಂದ ನೋಡಿದೀನಿ, ಒಂದು ದಿನ ಆ ಕಡೆ ಕಾಲಿಟ್ಟವರಲ್ಲ. ಕೇಳಿದ್ರೆ, ಹಾಗೇ ಅನ್ನಿಸ್ತು ಕಣೇ, ಅಂತಾರೆ. ಹಾಗೇ ಅನ್ನಿಸೋದು ಅಂದ್ರೆ ಏನು? ಹುಚ್ಚಾ?"

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಹಾಗಾದರೆ ಭಾವ ಹೇಳಿಲ್ಲ. ಕಟ್ಟಿಕೊಂಡ ಹೆಂಡತಿಗೂ ಹೇಳಿಲ್ಲ. ಎಲುಬು ಚೂರಾಗಿ ನರಳಿದ ರಾತ್ರಿಯಲ್ಲೂ ನಾದಿನಿಯ ಮಾತನ್ನು ಒಳಗೇ ಇಟ್ಟುಕೊಂಡು ಮಲಗಿದ್ದಾರೆ.

"ಏನೇ, ಮುಖ ಹಾಗಾಯ್ತು?"

"ಏನಿಲ್ಲ. ಚಹಾ ಕೊಡು, ತಣ್ಣಗಾಗುತ್ತೆ."

ಮುಂಗೋಣೆಯಲ್ಲಿ ವಕೀಲರು ಹಾಳೆ ತೆಗೆದಿದ್ದರು. ಆಸನವಿದ್ದ ಒಂದೇ ಕುರ್ಚಿಯಲ್ಲಿ ಅವರು ಕೂತಿದ್ದರು. ಅಕ್ಕ ತಟ್ಟೆ ಹಿಡಿದು ಬಂದು ಅಲ್ಲೇ ನಿಂತಳು. ತಂಗಿ ಬೀದಿ ಬಾಗಿಲಿಗೆ ಹೋಗಿ ನಿಂತಳು.

"ಒಂದೆರಡು ಪ್ರಶ್ನೆ ಅಷ್ಟೇ," ಅಂದರು ವಕೀಲರು. "ಬೀದೀಲಿ ಗುಂಡಿ ತೆಗೀತಾರೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಗೆ?"

"ಇವಳೇ ಹೇಳಿದ್ಲಲ್ಲ. ಬೆಳಗ್ಗೆನೇ ಕಿಟಕಿ ಹತ್ರ ಬಂದು, ಭಾವಾ ಹುಷಾರು ಅಂತ."

ವಕೀಲರ ಲೇಖನಿ ಹಾಳೆಯ ಮೇಲೆ ಹಗುರಾಗಿ ಓಡಿತು. ಅವರ ಹೆಗಲು ಸಡಿಲವಾದದ್ದು ಬಾಗಿಲಲ್ಲಿ ನಿಂತವಳಿಗೂ ಕಂಡಿತು. "ಹೇಳಿದ್ರಾ? ಸಂತೋಷ, ಸಂತೋಷ. ಉಸ್ತುವಾರಿ ಖುದ್ದಾಗಿ ಮನೆಗೆ ಬಂದು ಎಚ್ಚರಿಸಿದ್ರು. ಆದರೂ ನೀವು ಹೋದ್ರಿ."

"ಹೋದೆ ಸ್ವಾಮಿ. ನನ್ನದೇ ತಪ್ಪು. ತಲೇಲಿ ಪದ್ಯ ತಿರುಗ್ತಾ ಇತ್ತು, ಕಾಲಿನ ಕಡೆ ಗಮನ ಇರ್ಲಿಲ್ಲ."

"ಹೇಳಿದ್ಲಾ?" ಅಕ್ಕ ಗಂಡನತ್ತ ತಿರುಗಿದಳು. "ಅವಳು ಬಂದು ಹೇಳಿದ್ಮೇಲೂ ಹೋದ್ರಾ? ನನ್ನ ಹತ್ರ ಒಂದು ಮಾತು ಅನ್ಲಿಲ್ವಲ್ಲ ನೀವು! ಪಾಪ, ಅವಳು ಅಷ್ಟು ಕೆಲಸದ ಮಧ್ಯೆ ಬಂದು ಹೇಳಿ ಹೋಗಿದಾಳೆ…" ಅಕ್ಕ ತಂಗಿಯ ಕಡೆ ನೋಡಿದ ನೋಟದಲ್ಲಿ ಬೆಳಗಿನಿಂದ ಇಲ್ಲದ ಒಂದು ಕೃತಜ್ಞತೆ ಇತ್ತು.

ಆಡಿದ ಮಾತುಗಳೆಲ್ಲ ನಿಜ. ಗುಂಡಿ ತೆಗೆಯುತ್ತಾರೆಂದು ಗೊತ್ತಿತ್ತು. ಅವಳು ಹೇಳಿದ್ದಳು. ಅವರು ಹೋದರು. ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವಳು ಸುಮ್ಮನೆ ನಿಂತರೆ ಸಾಕಿತ್ತು. ಲೇಖನಿ ಸಾಲಿನ ಕೊನೆಗೆ ಬರುತ್ತಿತ್ತು, ಭಾವ ಎಡಗೈ ಹೆಬ್ಬೆಟ್ಟು ಒತ್ತುತ್ತಿದ್ದರು, ಚಹಾ ಮುಗಿಯುತ್ತಿತ್ತು. ಅವಳ ಕೈ ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಿತ್ತು. ಬೆರಳ ತುದಿ ಬೆಳ್ಳಗಾಗಿತ್ತು.

"ನಾನು ಹೇಳಿದ್ದು ಎಡಗಡೆ ಅಂತ," ಅಂದಳು.

ವಕೀಲರು ತಲೆ ಎತ್ತಿದರು.

"ಗುಂಡಿ ಎಡಗಡೆ, ಬಲಗಡೆ ಗೋಡೆ ಹಿಡ್ಕೊಂಡು ಹೋಗಿ ಅಂದಿದ್ದೆ. ಆಮೇಲೆ ಬಲಗಡೆ ತೋಡಿದ್ವಿ. ನಾನು ಬಂದು ತಿದ್ದಲಿಲ್ಲ."

"ಗಡಿಬಿಡೀ," ಭಾವ ಅಂದರು, ಮೆಲ್ಲಗೆ. "ಬಾಯಿ ಮುಚ್ಚು."

"ನೋಡಮ್ಮ," ವಕೀಲರು ಲೇಖನಿ ಕೆಳಗಿಟ್ಟು ಕನ್ನಡಕ ತೆಗೆದರು. ಕನ್ನಡಕವಿಲ್ಲದ ಮುಖ ಒಮ್ಮೆಲೇ ಮುದಿಯಾಗಿ ಕಂಡಿತು. "ನಿನ್ನೆಯಿಂದ ನೀವು ಊಟ ನಿದ್ದೆ ಮಾಡಿರಲಿಕ್ಕಿಲ್ಲ. ಇಂಥ ಹೊತ್ತಲ್ಲಿ ಏನೇನೋ ನೆನಪಾಗುತ್ತೆ. ಹೊರಗೆ ಹೋಗಿ ಸ್ವಲ್ಪ ಗಾಳಿ ಕುಡೀರಿ. ನಾನು ಆ ಮಾತು ಕೇಳಿಸ್ಕೊಂಡಿಲ್ಲ."

ದೂರದಲ್ಲಿ ಪಂಪು ಗುಟುರು ಹಾಕುತ್ತಲೇ ಇತ್ತು. ಹೊರಗೆ ಹೋಗುವ ಬಾಗಿಲು ಅವಳ ಬೆನ್ನ ಹಿಂದೆಯೇ ಇತ್ತು, ತೆರೆದೇ ಇತ್ತು. ಒಂದು ಕ್ಷಣ ಅವಳ ಹಿಮ್ಮಡಿ ಆ ಕಡೆ ತಿರುಗಿಯೂ ತಿರುಗಿತು.

"ಬರ್ಕೊಳ್ಳಿ ಸರ್," ಅಂದಳು. "ಅಡಿಹಲಗೆ ಇರ್ಲಿಲ್ಲ. ಅದನ್ನ ಪಂಪಿನ ಕೆಳಗೆ ಹಾಕಿ ಅಂತ ಹೇಳಿದ್ದೂ ನಾನೇ. ಮೇಸ್ತ್ರಿ ಕೇಳಿದ್ರು. ಭಾವನಿಗೆ ಹೇಳಿದೀನಿ, ಕೊಡಿ ಅಂದೆ."

"ಹೇಳಿದ್ದರಿಂದ ಹಲಗೆ ಬೇಡ ಅನ್ನಿಸ್ತು?"

"ಹೌದು."

ವಕೀಲರು ಬಹಳ ಹೊತ್ತು ಕನ್ನಡಕ ಒರೆಸಿದರು. "ಬಾಯಿಮಾತು ಬೇಲಿ ಆಗಲ್ಲಮ್ಮ," ಅಂದರು ಕೊನೆಗೆ, ಅಷ್ಟೇನೂ ಕಟುವಾಗಿಯಲ್ಲ. ಬರೆದದ್ದರ ಮೇಲೆ ಅಡ್ಡಗೆರೆ ಎಳೆದು ಹೊಸ ಹಾಳೆ ತೆಗೆದರು.

ಅವರು ಹೋದ ಮೇಲೆ ಅಕ್ಕ ತಂಗಿಯ ಮುಖ ನೋಡಲಿಲ್ಲ. ಯಾರೂ ಮುಟ್ಟದ ಚಹಾದ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಇಟ್ಟಳು, ಇಡುವುದಕ್ಕಿಂತ ಬಡಿದಳು ಅನ್ನಬೇಕು.

"ಅಕ್ಕಾ…"

"ಮಾತಾಡ್ಸಬೇಡ. ನಿನ್ನ ಮೇಲೆ ಸಿಟ್ಟು ಬಂದಿರೋದು ಹೇಳಿದ್ದಕ್ಕೋ ಹೇಳದೇ ಇದ್ದದ್ದಕ್ಕೋ ನನಗೇ ಗೊತ್ತಾಗ್ತಿಲ್ಲ. ಗೊತ್ತಾದ್ಮೇಲೆ ಬಯ್ತೀನಿ." ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಿಂದ ನಲ್ಲಿ ತಿರುಗಿಸಿದ ಸದ್ದು ಬಂತು, ಬರೀ ಗಾಳಿಯ ಉಬ್ಬಸ. ಬೀದಿಗೆ ಇನ್ನೂ ನೀರು ಬಂದಿರಲಿಲ್ಲ.

ಭಾವ ಬೆತ್ತದ ಎಳೆಯನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದರು.

"ಯಾಕೆ ಹೇಳ್ದೆ?"

"ಮತ್ತೇನ್ ಮಾಡ್ಬೇಕಿತ್ತು ಭಾವ? ನಿಮ್ಮ ತಲೆಗೆ ಕಟ್ಟಿ ಆರಾಮಾಗಿ ಇರ್ಬೇಕಿತ್ತಾ?"

"ನನ್ನ ತಲೆ, ನಾನು ಕಟ್ಕೊಂಡೆ. ನಿನಗೇನು ಕಷ್ಟ?" ಅವರ ದನಿಯಲ್ಲಿ ಅವಳೆಂದೂ ಕೇಳದ ಒರಟುತನವಿತ್ತು. "ನಿಮ್ಮಕ್ಕ ಈ ಮನೆಗೆ ಬಂದಾಗಿಂದ ನೀನು ನನ್ನ ಕೈ ಹಿಡಿದು ಬಸ್ಸು ಹತ್ತಿಸಿದೀಯ, ಔಷಧಿ ಓದಿ ಹೇಳಿದೀಯ, ಬೆತ್ತ ತಂದುಕೊಟ್ಟಿದೀಯ. ಒಂದು ಸಲ, ಒಂದೇ ಸಲ, ನಾನು ಏನಾದ್ರೂ ಕೊಡಕ್ಕೆ ಹೋದ್ರೆ ತಗೊಳ್ಳಕ್ಕೆ ನಿನಗೆ ತಾಳ್ಮೆ ಇಲ್ಲ. ಅದಕ್ಕೂ ಗಡಿಬಿಡಿ."

ಅವಳು ನೆಲದ ಮೇಲೆ ಬಿದ್ದಿದ್ದ ಬೆತ್ತದ ಚೂರುಗಳನ್ನು ಆರಿಸಿದಳು. ಆರಿಸಿದ್ದನ್ನು ಎಲ್ಲಿಡುವುದೆಂದು ತೋಚದೆ ಕಿಸೆಗೆ ಹಾಕಿಕೊಂಡಳು.

"ರಾತ್ರಿ ನನ್ನ ಮೇಲೆ ಸಿಟ್ಟು ಬರ್ಲಿಲ್ವಾ ನಿಮಗೆ?"

ಭಾವ ಎಳೆಯನ್ನು ತೊಡೆಯ ಮೇಲಿಟ್ಟರು. "ಗುಂಡೀಲಿ ಬಿದ್ದಿದ್ದಾಗ," ಅಂದರು, "ಮೊದಲು ಅನ್ನಿಸಿದ್ದು ನಾನೇ ತಪ್ಪು ಕೇಳಿಸ್ಕೊಂಡೆ ಅಂತ. ಎಡ ಅಂದಿದ್ಲೋ ಬಲ ಅಂದಿದ್ಲೋ ಅಂತ ಮತ್ತೆ ಮತ್ತೆ ಹೇಳ್ಕೊಂಡೆ. ಮೈಯೆಲ್ಲ ಕೆಸರು, ಕೈ ಎಲ್ಲಿದೆ ಅಂತ ಗೊತ್ತಿಲ್ಲ, ನಾನು ಅಲ್ಲಿ ಕೂತು ನಿನ್ನ ಮಾತು ಬಾಯಿಪಾಠ ಒಪ್ಪಿಸ್ತಿದೀನಿ." ಅವರು ನಕ್ಕರು. ಆ ನಗುವಿಗೆ ಜೊತೆಗೂಡಲು ಅವಳಿಂದಾಗಲಿಲ್ಲ.

ಅವಳು ಹೊರಗೆ ಬಂದಾಗ ಲಾರಿ ಬಂದು ನಿಂತ ಸದ್ದಾಯಿತು. ಹೊಸ ಹಲಗೆಗಳನ್ನು ಇಳಿಸುತ್ತಿದ್ದರು.

ಕೊಳವೆ ಸಂಜೆಗೆ ಸರಿಯಾಯಿತು, ಗುಂಡಿ ಮಾರನೆಯ ದಿನ ಮುಚ್ಚಿತು. ವಾರ ಕಳೆಯುವುದರೊಳಗೆ ಕಂಪನಿ ಹೊಣೆಯನ್ನು ಪೂರ್ತಿ ಒಪ್ಪಿಕೊಂಡಿತು; ಆಪರೇಷನ್ನೂ ಅದರ ಆಮೇಲಿನದೂ ತನ್ನದೇ ಎಂದಿತು. ಅದೇ ವಾರ ಅವಳನ್ನು ಬೀದಿಯಿಂದ ತೆಗೆದು ಉಗ್ರಾಣಕ್ಕೆ ಹಾಕಿತು. ವಿಚಾರಣೆ ಮುಗಿಯುವವರೆಗೆ ಎಂದರು. ವಿಚಾರಣೆ ಯಾವಾಗ ಎಂದು ಯಾರೂ ಅನ್ನಲಿಲ್ಲ. ಕಿಟಕಿಯಿಲ್ಲದ ಆ ಕಟ್ಟಡದಲ್ಲಿ ಕಬ್ಬಿಣದ ಕೀಲುಗಳನ್ನೂ ರಬ್ಬರ್ ಉಂಗುರಗಳನ್ನೂ ಎತ್ತಿ ಕೊಡುತ್ತ ಅವಳು ದಿನಕ್ಕೆ ಹತ್ತು ಸಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಮೇಸ್ತ್ರಿ ಸಾಮಾನಿಗೆ ಬಂದಾಗಲೆಲ್ಲ ಹೆಂಡತಿಯ ಹೊಸ ಕಥೆಯೊಂದನ್ನು ಹೇಳಿ ಹೋಗುತ್ತಿದ್ದ. ಅಕ್ಕ ಮಾತು ಬಿಟ್ಟವಳು ಮೊದಲು ಬೈಯಲು ಶುರುಮಾಡಿದಳು, ಆಮೇಲೆ ಊಟಕ್ಕೆ ಬಾ ಅಂದಳು.

ಆಪರೇಷನ್ನಾದ ಮೇಲೆ ಹೊಲಿಗೆ ಬಿಚ್ಚಿಸುವ ದಿನ ಅಕ್ಕನಿಗೆ ಜ್ವರ. "ಗಡಿಬಿಡಿ ಬರ್ಲಿ ಬಿಡು," ಅಂದರಂತೆ ಭಾವ. ಅವಳು ಅರ್ಧ ದಿನ ರಜೆ ಹಾಕಿ ಬಂದಳು. ಭಾವ ಎಡಗೈಯಿಂದ ಅವಳ ಮೊಣಕೈ ಹಿಡಿದರು, ಯಾವಾಗಿನಂತೆ, ಹಗುರಾಗಿ. ಕೋಲು ಬೇಡ ಅಂದರು. ಒಂದೇ ಕೈ ಇರುವಾಗ ಒಂದನ್ನೇ ಹಿಡಿಯಬೇಕು ಎಂದು ನಗೆಯಾಡಿದರು. ತಮ್ಮ ಬೀದಿಯನ್ನು ಬಿಟ್ಟು ಆಸ್ಪತ್ರೆಯ ದೊಡ್ಡ ರಸ್ತೆಗೆ ಬಂದರು. ಅಗಲವಾದ ಕಾಲುದಾರಿ, ಹೊಸದಾಗಿ ಹಾಸಿದ ಚಪ್ಪಡಿಗಳು, ದೂರದವರೆಗೆ ಒಂದು ಕಲ್ಲೂ ಅಡ್ಡವಿಲ್ಲ. ಭಾವ ಉಗ್ರಾಣದ ಸುದ್ದಿ ಕೇಳಿದರು. ಅವಳು ಮೇಸ್ತ್ರಿಯ ಹೆಂಡತಿಯ ಕಥೆ ಹೇಳಿದಳು. ಇಬ್ಬರೂ ನಕ್ಕರು.

"ಇಲ್ಲಿಂದ ಆಸ್ಪತ್ರೆ ಬಾಗಿಲವರೆಗೂ ಏನೂ ಇಲ್ಲ ಭಾವ," ಅಂದಳು. "ನೆಲ ಸಮವಾಗಿದೆ. ಬನ್ನಿ."

"ಹೂಂ," ಅಂದರು ಭಾವ. ಮಾತು ಮುಂದುವರಿಸಿದರು. ಅವಳ ಮೊಣಕೈಯನ್ನೂ ಬಿಡಲಿಲ್ಲ. ಆದರೆ ಹೆಜ್ಜೆ ಎತ್ತುವ ಮೊದಲು ಬಲಗಾಲನ್ನು ಸ್ವಲ್ಪ ಮುಂದೆ ಚಾಚಿ, ಚಪ್ಪಲಿಯ ತುದಿಯಿಂದ ನೆಲವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸವರಿದರು. ಆಮೇಲೆ ಭಾರ ಊರಿದರು. ಮತ್ತೆ ಚಾಚಿದರು, ಸವರಿದರು, ಊರಿದರು. ತಾವು ಹಾಗೆ ಮಾಡುತ್ತಿರುವುದು ಅವರಿಗೆ ತಿಳಿದಂತಿರಲಿಲ್ಲ.

ಅವಳು ತನ್ನ ನಡಿಗೆಯನ್ನು ನಿಧಾನಿಸಿದಳು.